ಹದಿನೇಳನೇ ನಂಬರಿನ ಹೊಲಿಗೆ ಟೀಚರ್

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 10

ಗೆದ್ದೆವು, ಗೆದ್ದೆವು, ಗೆದ್ದೆವು — ಹನ್ನೊಂದು ವರ್ಷದ ಮೇಲೆ ಪಿಂಚಣಿಯ ಆರ್ಡರ್ ಬಂತು!

ಟೀ ಸೋಸುತ್ತಿದ್ದೆ. ಪೋಸ್ಟ್‌ಮ್ಯಾನ್ ಬೆಲ್ ಒತ್ತಿದ. ಮಾವ ಸಹಿ ಹಾಕಿ ಕವರ್ ತೆಗೆದುಕೊಂಡರು, ಕತ್ತರಿ ಹುಡುಕಿದರು (ಕವರನ್ನು ಹರಿಯುವ ಪದ್ಧತಿಯೇ ಅವರಿಗಿಲ್ಲ), ಅಂಚು ಕತ್ತರಿಸಿದರು, ಓದಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ಅತ್ತೆಗೆ, "ಆಯ್ತು ಕಣೇ" ಎಂದರು. ಅಷ್ಟೇ. ಅತ್ತೆ ಒಲೆ ಆರಿಸಿ ಸ್ಟೂಲಿನ ಮೇಲೆ ಕುಳಿತುಬಿಟ್ಟರು. ಕಿರುಚಿದವಳು ನಾನೊಬ್ಬಳೇ.

ಮದುವೆಯಾಗಿ ಏಳು ವಾರ. ಅದರಲ್ಲಿ ಐದು ವಾರ ನಿವೃತ್ತ ಶಿಕ್ಷಕರ ಸಂಘದ ಟೈಪಿಸ್ಟ್ ಆಗಿದ್ದೇನೆ. ಸಂಬಳವಿಲ್ಲ. ಹನಿಮೂನ್‌ನಿಂದ ಬಂದ ಮಾರನೇ ದಿನವೇ ಮಾವ, "ನಿನಗೆ ಕಂಪ್ಯೂಟರ್ ಬರುತ್ತಂತಲ್ಲಮ್ಮಾ?" ಎಂದು ಕೇಳಿದ್ದರು. ಪಾಪ, ಎಷ್ಟು ಸಂಕೋಚದಿಂದ! ಆಗಿನಿಂದ ಮುಂದಿನ ಕೋಣೆಯಲ್ಲಿ ನನಗೊಂದು ಕುರ್ಚಿ, ಒಂದು ಫೈಲು, "ಮೇಡಂ ಸೆಕ್ರೆಟರಿ" ಎಂಬ ಬಿರುದು. ಬಿರುದು ಕೊಟ್ಟವನು ನನ್ನ ಗಂಡ. ಹೆಡ್‌ಮಾಸ್ಟರ್ ಆಗಿ ನಿವೃತ್ತರಾದ ಮಾವನೇ ನಿಜವಾದ ಸೆಕ್ರೆಟರಿ.

ಕಾಯಂ ಆಗುವ ಮೊದಲು ಹಂಗಾಮಿಯಾಗಿ ದುಡಿದ ವರ್ಷಗಳನ್ನೂ ಪಿಂಚಣಿಗೆ ಸೇರಿಸಬೇಕು. ಸಂಘ ಹನ್ನೊಂದು ವರ್ಷ ಕೇಳಿದ್ದು ಇಷ್ಟೇ. ಇವತ್ತು ಸರ್ಕಾರ ಹ್ಞೂಂ ಎಂದಿದೆ. ಅರವತ್ತಮೂರು ಜನ!

ಗಂಡನಿಗೆ ಫೋನ್ ಮಾಡಿದೆ. ಕನ್ನಡಕದ ಅಂಗಡಿಯಲ್ಲಿ ಯಾರದೋ ಕಣ್ಣು ಪರೀಕ್ಷಿಸುತ್ತಿದ್ದನಂತೆ. ವಿಷಯ ಕೇಳಿ ಅವನೂ ಕಿರುಚಿದ. ಎದುರಿದ್ದವರು ತಮ್ಮ ಕಣ್ಣಿಗೆ ಏನೋ ಆಗಿದೆ ಎಂದು ಹೆದರಿದರಂತೆ. ಐ ಲವ್ ದಿಸ್ ಮ್ಯಾನ್.

ಅದೇ ದಿನ, ಮಧ್ಯಾಹ್ನ 3

ಸಂಘದ ಅಧ್ಯಕ್ಷರಾದ ಡ್ರಿಲ್ ಮೇಷ್ಟ್ರು ಬಂದರು. ಎಪ್ಪತ್ತೆಂಟು ವರ್ಷ. ಗಂಟಲು ಮಾತ್ರ ಇನ್ನೂ ಆಟದ ಮೈದಾನದಲ್ಲೇ ಇದೆ. "ಎಲ್ಲಿ ನಮ್ಮ ಇಂಗ್ಲಿಷ್ ಮೀಡಿಯಂ ಹುಡುಗಿ?" ಎಂದು ಕೂಗಿ, ಒಂದು ಸುತ್ತು ಕುಣಿದು, ಅತ್ತೆಯ ಒಂದು ಕಪ್ ಒಡೆದರು. ಅತ್ತೆ, "ಒಡೀರಿ, ಇನ್ನೂ ಐದಿವೆ" ಎಂದರು.

ಆರ್ಡರಿನ ಕೊನೆಗೆ ಹೆಸರುಗಳ ಪಟ್ಟಿ. ಮಾವನ ಮುಂದೆ ಸಂಘದ ಹಾಜರಿ ಪುಸ್ತಕ. ಹ್ಞಾಂ, ಅದು ನಿಜವಾದ ಶಾಲೆಯ ಹಾಜರಿ ಪುಸ್ತಕವೇ! ಪ್ರತಿ ಸಭೆಯಲ್ಲೂ ಮಾವ ನಂಬರು ಕೂಗುತ್ತಾರೆ, ಎಂಬತ್ತು ವರ್ಷದವರೂ ಎದ್ದು ನಿಂತು "ಹಾಜರ್ ಸರ್" ಎನ್ನುತ್ತಾರೆ. ಮೊದಲ ಸಲ ನೋಡಿದಾಗ ನಗು ತಡೆಯಲಾರದೆ ಎದ್ದು ಹಿತ್ತಲಿಗೆ ಓಡಿದ್ದೆ.

ಒಂದೊಂದೇ ಹೆಸರು ಓದಿದೆ. ಮಾವ ಟಿಕ್ ಹಾಕಿದರು. ಅರವತ್ತೆರಡಕ್ಕೆ ಪಟ್ಟಿ ಮುಗಿಯಿತು.

"ಇನ್ನೊಂದ್ಸಲ ಓದಮ್ಮ."

ಓದಿದೆ. ಅರವತ್ತೆರಡೇ.

ಇಲ್ಲದಿರುವುದು ಹೊಲಿಗೆ ಟೀಚರ್. ಡ್ರಿಲ್ ಮೇಷ್ಟ್ರು ಕುಣಿಯುವುದನ್ನು ನಿಲ್ಲಿಸಿದರು. ಎಲ್ಲರಿಗಿಂತ ಹೆಚ್ಚು ಹಂಗಾಮಿ ವರ್ಷ ಹೊಲಿಗೆ ಟೀಚರದೇ, ಹತ್ತೊಂಬತ್ತು. ಹನ್ನೊಂದು ವರ್ಷದ ಹಿಂದೆ ಮೊಟ್ಟಮೊದಲ ಅರ್ಜಿ ಬರೆದವರೂ ಅವರೇ. ಒಂಟಿ ಜೀವ. ಒಂದೂವರೆ ವರ್ಷದ ಹಿಂದೆ ಮಂಡಿನೋವು ಹೆಚ್ಚಾಗಿ, ಬೇರೆ ಊರಿನಲ್ಲಿರುವ ತಂಗಿ ಮಗಳ ಮನೆಗೆ ಹೋಗಿದ್ದಾರೆ.

ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು: ತಿದ್ದುಪಡಿಗೆ ಮೂವತ್ತು ದಿನ ಮಾತ್ರ ಅವಕಾಶ. ಎಂದರೆ ಏಪ್ರಿಲ್ 3. ಆಮೇಲೆ ಪಟ್ಟಿ ಮುಚ್ಚುತ್ತದೆ.

ಮಾರ್ಚ್ 6, ಗುರುವಾರ

ಹೊಲಿಗೆ ಟೀಚರಿಗೆ ಫೋನ್ ಮಾಡಿದ್ದು ನಾನು. ಮಾವನಿಗೆ ಧೈರ್ಯ ಬರಲಿಲ್ಲ. "ನೀನು ಮಾಡಮ್ಮ, ಹೆಣ್ಮಕ್ಕಳು ಹೆಣ್ಮಕ್ಕಳು ಮಾತಾಡ್ಕೊಳ್ಳಿ" ಎಂದು ಪಕ್ಕದಲ್ಲೇ ಕುಳಿತು ಪೇಪರ್ ಓದುವವರಂತೆ ನಟಿಸಿದರು. ಪೇಪರ್ ತಲೆಕೆಳಗಾಗಿತ್ತು, ಪ್ರಾಮಿಸ್!

"ಯಾರು? ಹೊಸ ಸೊಸೆನಾ? ನಿನ್ನ ಗಂಡ ಒಂದನೇ ಕ್ಲಾಸಿಗೆ ಬಂದ ದಿನ ಚಡ್ಡಿ ಗುಂಡಿ ಕಿತ್ತುಹೋಗಿತ್ತು. ಹೊಲಿದು ಮಾನ ಉಳಿಸಿದವಳು ನಾನು. ಕೇಳು ಅವನನ್ನ."

ಎಂಬತ್ತೊಂದು ವರ್ಷದ ಗಂಟಲೇ ಅದು! ನನಗೆ ಆಗಲೇ ಪ್ರೀತಿ ಹುಟ್ಟಿತು.

ಪಟ್ಟಿಯ ವಿಷಯ ಹೇಳಿದೆ. "ಮಿಕ್ಕ ಎಲ್ಲರದೂ ಬಂತಲ್ಲ, ಸಾಕು ಬಿಡು" ಎಂದರು. ನಾನು ಬಿಡಲಿಲ್ಲ. ಈಗ ತಿಂಗಳು ತಿಂಗಳು ಬರುವ ಪಿಂಚಣಿಯಾದರೂ ಸರಿಯಾಗಿ ಬರುತ್ತಿದೆಯೇ ಎಂದು ಸುಮ್ಮನೆ ಕೇಳಿದೆ.

"ಅದು ನಿಂತು ಹದಿನಾಲ್ಕು ತಿಂಗಳಾಯ್ತಲ್ಲ ಮಗಳೇ."

ಪಕ್ಕದಲ್ಲಿ ಪೇಪರ್ ಕೆಳಗೆ ಬಿತ್ತು.

"ಯಾರಿಗೂ ಯಾಕೆ ಹೇಳಲಿಲ್ಲ ಟೀಚರ್?"

"ಕೇಸ್ ಮುಗಿಯೋವರೆಗೆ ತಡೆ ಹಿಡಿದಿರಬೇಕು ಅಂದ್ಕೊಂಡೆ. ನಾನೊಬ್ಬಳು ರಗಳೆ ತೆಗೆದು, ಅದರಿಂದ ಅಷ್ಟೂ ಜನರ ಕೆಲಸ ಕೆಟ್ಟರೆ? ಇಲ್ಲಿ ಅಕ್ಕಪಕ್ಕದವರ ಬಟ್ಟೆಗೆ ಗುಂಡಿ ಕಾಜ ಹಾಕ್ತೀನಿ, ಅಂಚು ಮಡಿಸ್ತೀನಿ. ನಡೀತಿದೆ. ದಾರ ಪೋಣಿಸೋದೊಂದೇ ಕಷ್ಟ, ಸೂಜಿ ಕಣ್ಣು ಎರಡೆರಡಾಗಿ ಕಾಣುತ್ತೆ."

ಫೋನ್ ಇಟ್ಟು ಅತ್ತುಬಿಟ್ಟೆ. ಮಾವ ಎದ್ದು ಕೋಟು ಹಾಕಿಕೊಂಡರು. ಎಲ್ಲಿಗೆ ಎಂದರೆ ಖಜಾನೆ ಕಚೇರಿಗೆ ಎಂದರು. ಸಂಜೆ ಆರು ಗಂಟೆ, ಬಾಗಿಲು ಹಾಕಿರುತ್ತಾರೆ ಎಂದು ಅತ್ತೆ ಕೋಟು ಬಿಚ್ಚಿಸಿದರು.

ಮಾರ್ಚ್ 10, ಸೋಮವಾರ

ಖಜಾನೆ ಕಚೇರಿ. ಮಾವ, ಡ್ರಿಲ್ ಮೇಷ್ಟ್ರು, ನಾನು. ಮೂರನೇ ಕೌಂಟರಿನ ಗುಮಾಸ್ತೆಗೆ ನೆಗಡಿ. ಕಂಪ್ಯೂಟರಿನಲ್ಲಿ ನಂಬರು ಹಾಕಿ, ಮೂಗು ಒರೆಸಿಕೊಂಡು, "ಇವರು ತೀರಿಕೊಂಡಿದ್ದಾರೆ" ಎಂದಳು.

"ಮೊನ್ನೆ ತಾನೇ ಮಾತಾಡಿದೆ!" ಎಂದೆ.

"ಇಲ್ಲಿ ತೀರಿಕೊಂಡಿದ್ದಾರೆ ಮೇಡಂ."

ಅಲ್ಲಿಂದಲೇ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಹೊಲಿಗೆ ಟೀಚರ್ ಸ್ಪಷ್ಟವಾಗಿ, "ನಾನು ಬದುಕಿದ್ದೀನಮ್ಮಾ. ಊಟಕ್ಕೆ ಕೂತಿದ್ದೀನಿ" ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಗುಮಾಸ್ತೆಯೂ ನಕ್ಕಳು. ಆದರೆ, "ಫೋನಿನಲ್ಲಿ ಬದುಕಿದ್ದರೆ ಸಾಲದು" ಎಂದಳು.

ಊರು ಬಿಟ್ಟ ಮೇಲೆ ಟೀಚರ್ ಎರಡು ನವೆಂಬರಿನಲ್ಲೂ ಅಲ್ಲಿಯ ಕಚೇರಿಗೇ ಹೋಗಿ ಜೀವಂತ ಪ್ರಮಾಣಪತ್ರ ಕೊಟ್ಟಿದ್ದಾರೆ. ಅಲ್ಲಿಂದ ಇಲ್ಲಿಗೆ ಬಂದೂ ಇದೆ. ಆದರೆ ಮುಚ್ಚಿದ ಫೈಲಿಗೆ ಬಂದ ಪತ್ರವನ್ನು ಯಾರು ಬಿಚ್ಚುತ್ತಾರೆ?

"ಸತ್ತಿದ್ದಾರೆ ಅಂತ ನಿಮಗೆ ಹೇಳಿದ್ದು ಯಾರು?" ಮಾವ ಗುಡುಗಿದರು.

ಗುಮಾಸ್ತೆ ಸ್ಕ್ರೀನಿನ ಕಡೆ ಬಾಗಿದಳು. "ನಿಮ್ಮ ಸಂಘವೇ ಸರ್."

ಮಾವನ ಕಿವಿ ಕೆಂಪಾಯಿತು. ಸುಳ್ಳು, ಶುದ್ಧ ಸುಳ್ಳು, ಕಾಗದ ತೋರಿಸಿ, ತೋರಿಸದಿದ್ದರೆ ಇಲ್ಲೇ ಕೂರುತ್ತೇನೆ! ಹಳೇ ಕಡತಗಳ ಕೋಣೆಯಿಂದ ತೆಗೆಸಲು ವಾರ ಬೇಕಂತೆ. ಡ್ರಿಲ್ ಮೇಷ್ಟ್ರು ಹೊರಗೆ ಬಂದು, "ಸಾಬೀತು ಮಾಡ್ಲಿ! ಮಾಡಿದರೆ ಮೈದಾನ ಹತ್ತು ಸುತ್ತು ಓಡ್ತೀನಿ!" ಎಂದು ಕೂಗಿದರು.

ಮಾರ್ಚ್ 19, ಬುಧವಾರ

ಸಾಬೀತಾಯಿತು.

ಕಾಗದ ನೋಡಿದೆವು. ಹಿಂದಿನ ವರ್ಷಕ್ಕೂ ಹಿಂದಿನ ನವೆಂಬರಿನದು. ಈ ಊರಿನಲ್ಲಿ ಪಿಂಚಣಿ ಪಡೆಯುವ ಸದಸ್ಯರ ಪಟ್ಟಿ, ಸಂಘ ಪ್ರತಿ ವರ್ಷ ಕಳಿಸುವಂಥದ್ದು. ಮಾವನ ಮುತ್ತಿನಂಥ ಅಕ್ಷರ. ಹದಿನೇಳನೇ ನಂಬರು ಹೊಲಿಗೆ ಟೀಚರ್. ಅವರ ಹೆಸರಿನ ಮೇಲೆ, ಈ ಅಂಚಿನಿಂದ ಆ ಅಂಚಿನವರೆಗೆ, ಸ್ಕೇಲ್ ಇಟ್ಟು ಎಳೆದ ಕೆಂಪು ಶಾಯಿಯ ಗೆರೆ.

ಮಾವ ಬಹಳ ಹೊತ್ತು ನೋಡಿದರು. "ಗೆರೆ ನನ್ನದೇ" ಎಂದರು.

ಶಾಲೆಯ ಹಾಜರಿ ಪುಸ್ತಕದಲ್ಲಿ ಮಗು ವರ್ಗಾವಣೆ ಪತ್ರ ತೆಗೆದುಕೊಂಡು ಬೇರೆ ಊರಿನ ಶಾಲೆಗೆ ಹೋದರೆ ಹಾಗೆ ಕೆಂಪು ಗೆರೆ ಎಳೆಯುತ್ತಾರಂತೆ. ಮೂವತ್ತೆಂಟು ವರ್ಷ ಎಳೆದ ಕೈ. ಟೀಚರ್ ಬೇರೆ ಊರಿಗೆ ಹೋದರು, ಕೈ ತಾನಾಗಿ ಸ್ಕೇಲ್ ಹುಡುಕಿತು. ಖಜಾನೆಯಲ್ಲಿ ಕೆಂಪು ಗೆರೆ ಎಂದರೆ ಒಂದೇ ಅರ್ಥ: ಮನುಷ್ಯ ಸತ್ತ, ಪಿಂಚಣಿ ನಿಲ್ಲಿಸಿ.

ಮನೆಗೆ ಬಂದು ಮಾವ ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡರು. ಊಟ ಬೇಡ ಎಂದರು. ಟೀ ಬೇಡ ಎಂದರು. ಹಾಜರಿ ಪುಸ್ತಕ, ಸಂಘದ ಸೀಲು, ಬೀರುವಿನ ಬೀಗದ ಕೈ, ಎಲ್ಲವನ್ನೂ ಮೇಜಿನ ಮೇಲೆ ಜೋಡಿಸಿಟ್ಟು ರಾಜೀನಾಮೆ ಬರೆಯುತ್ತ ಕುಳಿತರು.

ಅತ್ತೆ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ನಾನು ಹಿಂದೆಯೇ ನಿಂತು ಕೇಳಿಸಿಕೊಂಡೆ. (ಹೌದು, ಕದ್ದು.)

"ಅವಳು ಕಾಜ ಹಾಕಿ ಊಟ ಮಾಡಿದ್ದಾಳೆ ಕಣೇ. ನನ್ನಿಂದ. ಹದಿನಾಲ್ಕು ತಿಂಗಳು."

"ಹೌದು. ನಿಮ್ಮಿಂದಲೇ."

ಅತ್ತೆ ಕುರ್ಚಿ ಎಳೆದುಕೊಂಡು ಕುಳಿತ ಸದ್ದು. ಮತ್ತೆ ಅವರದೇ ದನಿ.

"ಮೂವತ್ತೆಂಟು ವರ್ಷ ಎಷ್ಟು ಮಕ್ಕಳ ಮೇಲೆ ಗೆರೆ ಎಳೆದ್ರಿ? ಒಬ್ಬರಾದ್ರೂ ಸತ್ರಾ? ಇವಳೂ ಸತ್ತಿಲ್ಲ. ಏಪ್ರಿಲ್ ಮೂರಕ್ಕೆ ಇನ್ನೂ ಹದಿನೈದು ದಿನ ಇದೆ. ರಾಜೀನಾಮೆ ಆಮೇಲೆ ಬರೀರಿ, ಪುರುಸೊತ್ತಾಗಿ. ಈಗ ಎದ್ದು ಊಟ ಮಾಡಿ."

ಎದ್ದರು. ಊಟ ಮಾಡಿದರು. ನನಗೆ ಇಂಥ ಅತ್ತೆ ಸಿಕ್ಕಿದ್ದಾರೆ ಎಂದು ಇಡೀ ಊರಿಗೆ ಕೂಗಿ ಹೇಳಬೇಕು ಎನಿಸಿತು.

ಮಾರ್ಚ್ 20, ಗುರುವಾರ

ಒಬ್ಬಳೇ ಖಜಾನೆಗೆ ಹೋದೆ. ಯಾರಿಗೂ ಹೇಳಲಿಲ್ಲ, ಗಂಡನನ್ನು ಬಿಟ್ಟು.

ಗುಮಾಸ್ತೆಗೆ ನೆಗಡಿ ಕಡಿಮೆಯಾಗಿದೆ. ಪಾಪ, ಒಳ್ಳೆಯವಳೇ. ಗುಟ್ಟಾಗಿ ಹೇಳಿದಳು: "ಗೆರೆ ಯಾರು ಎಳೆದರೋ ಗೊತ್ತಿಲ್ಲ ಅಂತ ಬರೆದುಕೊಡಿ. ಸುಲಭ ಆಗುತ್ತೆ. ತಪ್ಪು ಸಂಘದ್ದೇ ಅಂತ ಬರೆದರೆ ತನಿಖೆ, ಹೇಳಿಕೆ, ಆರು ತಿಂಗಳು ಹಿಡಿಯುತ್ತೆ."

ಆರು ತಿಂಗಳು! ಇರುವುದು ಹದಿನಾಲ್ಕು ದಿನ.

"ಇದಕ್ಕೆಲ್ಲ ಒಂದು ರೂಲ್ ಬುಕ್ ಇರಬೇಕಲ್ಲ?" ಎಂದೆ.

ಅವಳು ಕಂಪ್ಯೂಟರಿನ ಕಡೆ ಕೈ ತೋರಿಸಿದಳು. ಮಾನಿಟರ್ ಕುಳಿತಿದ್ದದ್ದೇ ರೂಲ್ ಬುಕ್ಕಿನ ಮೇಲೆ! ಮುನ್ನೂರು ಪುಟ, ಇಂಗ್ಲಿಷಿನದು, ಎತ್ತರ ಸರಿಹೋಗಲೆಂದು ಇಟ್ಟಿದ್ದು. "ಒಯ್ದರೆ ಒಯ್ಯಿರಿ, ಓದೋರು ಯಾರೂ ಇಲ್ಲ. ಆದರೆ ನನ್ನ ಕತ್ತು ನೋಯಬಾರದು" ಎಂದಳು. ಅಂಗಡಿಗೆ ಓಡಿ, ಗಂಡನಿಂದ ಹಳೆಯ ಫ್ರೇಮುಗಳ ಕ್ಯಾಟಲಾಗ್ ಆರು ತಂದು ಮಾನಿಟರಿನ ಕೆಳಗಿಟ್ಟೆ. ಎತ್ತರ ಪರ್ಫೆಕ್ಟ್.

ಮಾರ್ಚ್ 22, ಶನಿವಾರ. ಸಂಜೆ

ಮೂರು ದಿನದಿಂದ ಅದನ್ನೇ ಓದುತ್ತಿದ್ದೇನೆ. ಒಂದೊಂದು ವಾಕ್ಯ ಅರ್ಧ ಪುಟ. ಗಂಡ ಪಕ್ಕದಲ್ಲಿ ಕಿತ್ತಳೆ ಸುಲಿದು ಬಾಯಿಗೆ ಹಾಕುತ್ತಾನೆ. ಅವನ ಪ್ರಕಾರ ನಾನು ಓದುವಾಗ ಮೂಗು ಸೊಟ್ಟಗಾಗುತ್ತದೆ, ಅದು ಚೆಂದ. ಚೆಂದವಂತೆ!

ಸಿಕ್ಕಿತು.

ಸಿಕ್ಕಿತು ಸಿಕ್ಕಿತು ಸಿಕ್ಕಿತು. ನಿಯಮ 41, ಎರಡನೇ ಉಪನಿಯಮ. ಪಿಂಚಣಿದಾರರು ಮೃತರಾದರೆಂದು ನಮೂದಿಸಬೇಕಾದರೆ ಮರಣ ಪ್ರಮಾಣಪತ್ರ ಇರಲೇಬೇಕು. ಇಲ್ಲದೆ ಮಾಡಿದ ನಮೂದು ಅಸಿಂಧು. ಅದನ್ನು ಕಚೇರಿಯ ಅಧಿಕಾರಿಯೇ ರದ್ದು ಮಾಡಬಹುದು, ತನಿಖೆ ಬೇಡ.

ಎಂದರೆ ಟೀಚರ್ ಬದುಕಿದ್ದಾರೆಂದು ನಾವು ತೋರಿಸಬೇಕಾಗಿಲ್ಲ. ಸತ್ತಿದ್ದಾರೆಂದು ಅವರು ತೋರಿಸಬೇಕು!

ಮಾವನ ಮುಂದೆ ಪುಟ ಹಿಡಿದೆ. ಎರಡು ಸಲ ಓದಿ, "ಅಂಡರ್‌ಲೈನ್ ಮಾಡಿದ್ದೀಯಾ?" ಎಂದರು. ಮಾಡಿದ್ದೆ. "ಪೆನ್ಸಿಲಲ್ಲಿ ತಾನೇ?" ಪೆನ್ಸಿಲಲ್ಲೇ. ತಲೆ ಸವರಿದರು.

ಮಾರ್ಚ್ 23, ಭಾನುವಾರ

ಸಂಘದ ತುರ್ತು ಸಭೆ, ನಮ್ಮ ಮುಂದಿನ ಕೋಣೆಯಲ್ಲೇ. ಇಪ್ಪತ್ತೊಂದು ಜನ. ಕುರ್ಚಿ ಸಾಲದೆ ಹಾಸಿಗೆ ತಂದು ಹಾಸಿ ಅದರ ಮೇಲೂ ಕುಳಿತರು. (ನಮ್ಮ ಹಾಸಿಗೆ!)

ಮಾವ ಎದ್ದು ನಿಂತು ಎಲ್ಲವನ್ನೂ ಹೇಳಿದರು. ಒಂದು ಮಾತನ್ನೂ ಮುಚ್ಚಿಡಲಿಲ್ಲ. ರಾಜೀನಾಮೆ ಮೇಜಿನ ಮೇಲಿಟ್ಟರು.

ಡ್ರಿಲ್ ಮೇಷ್ಟ್ರು ಕೈ ಎತ್ತಿದರು. "ಆ ಪಟ್ಟಿಗೆ ಅಧ್ಯಕ್ಷ ಅಂತ ಸಹಿ ಹಾಕಿದೋನು ನಾನು. ಗೆರೆ ನೋಡಿದ್ದೆ. ಟೀಚರ್ ಊರು ಬಿಟ್ಟಿದ್ದಾರೆ ಅಂದ್ಕೊಂಡೇ ಸಹಿ ಹಾಕಿದೆ. ನೀವೆಲ್ಲ ಹೇಳಿ, ನೀವಾದರೆ ಏನು ಅಂದ್ಕೋತಿದ್ರಿ?"

ಯಾರೂ ಸಾವು ಎಂದುಕೊಳ್ಳುತ್ತಿರಲಿಲ್ಲ. ಇಪ್ಪತ್ತೊಂದು ಜನರಲ್ಲಿ ಒಬ್ಬರೂ ಇಲ್ಲ. ಎಲ್ಲರ ಕೈಗೂ ಅದೇ ಗೆರೆಯ ಅಭ್ಯಾಸ.

ಆಮೇಲೆ ವಾದ. ತಪ್ಪೊಪ್ಪಿಗೆ ಪತ್ರ ಕೊಡಬೇಕೋ ಬೇಡವೋ? ನಿಯಮವೇ ನಮ್ಮ ಕಡೆ ಇರುವಾಗ ಸುಮ್ಮನೆ ಮೈಮೇಲೆ ಎಳೆದುಕೊಳ್ಳುವುದೇಕೆ ಎಂದು ಕೆಲವರು. ಅಧಿಕಾರಿ ಅದನ್ನೇ ಹಿಡಿದುಕೊಂಡು ತನಿಖೆ ಎಂದರೆ ಟೀಚರ್ ಗತಿ ಏನು ಎಂದು ಇನ್ನು ಕೆಲವರು. ನನಗೂ ಹಾಗೇ ಅನಿಸಿತ್ತು, ಸುಳ್ಳೇಕೆ.

ಮಾವ ಹೇಳಿದರು, "ತಪ್ಪು ಮಾಡಿದ ಹುಡುಗರನ್ನ ಎದ್ದು ನಿಂತು ಒಪ್ಕೊಳ್ಳಿ ಅಂತ ಬೈದವರು ನಾವು. ಈಗ ನಾನು ಬೆಂಚಿನ ಕೆಳಗೆ ಬಚ್ಚಿಟ್ಕೊಳ್ಳಲಾ?"

ನಿರ್ಣಯ ಒಂದು: ಪತ್ರ ಕೊಡುವುದು. ಎರಡು: ರಾಜೀನಾಮೆ ತಿರಸ್ಕಾರ. ಮೂರು: ಮಾವನೊಬ್ಬರನ್ನೇ ಕಳಿಸುವುದಿಲ್ಲ, ಎಲ್ಲರೂ ಹೋಗುವುದು. ನಾಲ್ಕನೆಯದನ್ನು ಅತ್ತೆ ಅಡುಗೆಮನೆಯಿಂದಲೇ ಸೇರಿಸಿದರು: "ಡ್ರಿಲ್ ಮೇಷ್ಟ್ರು ಮೈದಾನ ಹತ್ತು ಸುತ್ತು ಓಡುವುದು." ಭಾರಿ ಚಪ್ಪಾಳೆ. ಮಂಡಿಯ ಕಾರಣದಿಂದ ನಡೆಯಲು ಅನುಮತಿ ಕೊಡಲಾಯಿತು.

ಮಾರ್ಚ್ 27, ಗುರುವಾರ

ಕ್ರಮವಾಗಿ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಇಪ್ಪತ್ತೊಂದು ಜನ ಮತ್ತು ನಾನು. ಡ್ರಿಲ್ ಮೇಷ್ಟ್ರು ಎರಡು ಸಾಲು ಮಾಡಿಸಿದರು! ಖಜಾನೆಯ ಮೆಟ್ಟಿಲನ್ನು ಸಾಲಾಗಿಯೇ ಹತ್ತಿದೆವು. ಅಧಿಕಾರಿಗೆ ಮೂವತ್ತೈದು ಇರಬಹುದು. ಅಷ್ಟು ಜನರನ್ನು ನೋಡಿ ತಾನೇ ಎದ್ದು ನಿಂತ. ಹಳೇ ಭಯ ಇರಬೇಕು.

ಮಾವ ಪತ್ರ ಕೊಟ್ಟರು. ಆತ ಓದಿ ಬದಿಗಿಟ್ಟ. "ತಪ್ಪು ನಿಮ್ಮದೇ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಇದು ತನಿಖೆಗೆ ಹೋಗಬೇಕು ಸರ್. ಆರು ತಿಂಗಳಾದರೂ ಬೇಕು."

ಹೆದರಿದ್ದೇ ಆಯಿತು. ಮಾವ ನನ್ನ ಕಡೆ ತಿರುಗಿ ಸಣ್ಣಗೆ ತಲೆಯಾಡಿಸಿದರು.

ನಾನು ಮುಂದೆ ಹೋಗಿ ರೂಲ್ ಬುಕ್ ತೆರೆದಿಟ್ಟೆ. "ಸರ್, ಗೆರೆ ಎಳೆದ ತಪ್ಪು ನಮ್ಮದು. ಗೆರೆಯನ್ನೇ ಮರಣ ಪ್ರಮಾಣಪತ್ರ ಅಂದ್ಕೊಂಡ ತಪ್ಪು ಯಾರದು?"

ಓದಿದ. ಮತ್ತೆ ಓದಿದ. ಗುಮಾಸ್ತೆಯನ್ನು ಕರೆಸಿದ. "ಕೆಂಪು ಗೆರೆ ಅಂದರೆ ಸಾವು ಅಂತ ಎಲ್ಲಿ ಬರೆದಿದೆ?"

"ಎಲ್ಲೂ ಇಲ್ಲ ಸರ್. ನಾನು ಬರೋ ಮುಂಚಿಂದ ಇಲ್ಲಿ ಹಾಗೇ."

ಆತ ನಮ್ಮ ಕಡೆ ತಿರುಗಿದ. "ನಿಮ್ಮಲ್ಲಿ ಏನರ್ಥ?"

ಇಪ್ಪತ್ತೊಂದು ಗಂಟಲು ಒಟ್ಟಿಗೆ: "ಬೇರೆ ಶಾಲೆಗೆ ಹೋದರು ಅಂತ!"

ಕಾರಿಡಾರಿನಲ್ಲಿ ಟೈಪಿಂಗ್ ನಿಂತಿತು. ಮೂರನೇ ಮಹಡಿಯಿಂದ ಯಾರೋ ಬಗ್ಗಿ ನೋಡಿದರು. ಅಧಿಕಾರಿ ಬಾಯಿಗೆ ಕರ್ಚೀಫು ಹಿಡಿದ. ನಗುತ್ತಿದ್ದ! ಆಮೇಲೆ ಮಾವನ ಪತ್ರವನ್ನು ಮತ್ತೆ ಕೈಗೆ ತೆಗೆದುಕೊಂಡು ನಿಧಾನವಾಗಿ ಓದಿದ. "ಹತ್ತು ವರ್ಷದ ಸರ್ವೀಸಿನಲ್ಲಿ ತಪ್ಪು ನನ್ನದು ಅಂತ ಬರೆದುಕೊಟ್ಟವರನ್ನ ನಾನು ನೋಡಿಲ್ಲ ಸರ್. ಇದನ್ನೇ ಸ್ಪಷ್ಟೀಕರಣ ಅಂತ ಫೈಲಿಗೆ ಹಾಕ್ತೀನಿ. ನಮೂದು ಇವತ್ತೇ ರದ್ದು. ಪಟ್ಟಿಯ ತಿದ್ದುಪಡಿಗೆ ನಾನೇ ಬರೀತೀನಿ."

ಮಾವ ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಶೂ ಲೇಸು ಕಟ್ಟಿಕೊಂಡರು. ಲೇಸು ಬಿಚ್ಚಿಯೇ ಇರಲಿಲ್ಲ. ನಾನು ಪಕ್ಕದಲ್ಲಿ ಕುಳಿತೆ.

"ನೀನು ಟೀಚರ್ ಆಗಬೇಕಿತ್ತಮ್ಮ" ಎಂದರು.

ಇದಕ್ಕಿಂತ ದೊಡ್ಡ ಹೊಗಳಿಕೆಯನ್ನು ಇಡೀ ಜನ್ಮದಲ್ಲಿ ಯಾರೂ ನನಗೆ ಕೊಟ್ಟಿಲ್ಲ. ಕೊಡುವುದೂ ಬೇಡ.

ಏಪ್ರಿಲ್ 2, ಬುಧವಾರ

ಒಂದು ದಿನ ಮುಂಚೆಯೇ! ತಿದ್ದಿದ ಪಟ್ಟಿ ಬಂತು. ಅರವತ್ತಮೂರು. ಹದಿನಾಲ್ಕು ತಿಂಗಳ ಬಾಕಿ ಒಂದೇ ಕಂತಿನಲ್ಲಿ. ಹತ್ತೊಂಬತ್ತು ಹಂಗಾಮಿ ವರ್ಷವೂ ಲೆಕ್ಕಕ್ಕೆ.

ಈ ಸಲ ಫೋನ್ ಮಾಡಿದ್ದು ಮಾವನೇ. "ಟೀಚರ್, ನಾನು ನಿಮಗೆ ದೊಡ್ಡ ಅನ್ಯಾಯ ಮಾಡಿದೆ" ಎಂದು ಶುರು ಮಾಡಿದರು. ಆ ಕಡೆಯಿಂದ ಬಂದದ್ದು ಕೋಣೆಯ ಈ ಮೂಲೆಗೂ ಕೇಳಿಸಿತು.

"ಹೆಡ್‌ಮಾಸ್ಟ್ರೇ, ನನಗೆ ಸಿಟ್ಟು ಬಂದಿರೋದು ಅದಕ್ಕಲ್ಲ. ಬೇರೆ ಊರಿಗೆ ಹೋದ ಮಾತ್ರಕ್ಕೆ ಸಂಘ ಬಿಟ್ಟೆ ಅಂತ ನಿಮಗೆ ಯಾರು ಹೇಳಿದ್ದು? ಗೆರೆ ಎಳೆಯೋ ಮುಂಚೆ ಒಂದು ಮಾತು ಕೇಳಬಾರದಾ?"

ಮಾವ ಎದ್ದು ನಿಂತು, "ತಪ್ಪಾಯ್ತು ಟೀಚರ್" ಎಂದರು. ಫೋನಿನಲ್ಲಿ ಮಾತಾಡುವಾಗ ಎದ್ದು ನಿಂತರು!

"ಸರಿ, ಕೂತ್ಕೊಳ್ಳಿ" ಎಂದರು ಟೀಚರ್. ಹೇಗೆ ಗೊತ್ತಾಯಿತೋ.

ಏಪ್ರಿಲ್ 7, ಸೋಮವಾರ. ಸಂಜೆ 5

ಹಣ ಕೈ ಸೇರಿದೆ. ಟೀಚರ್ ಬರುತ್ತಿದ್ದಾರೆ! ನಾವೇ ಹೋಗುತ್ತೇವೆಂದು ಮಾವ ಎಷ್ಟು ಹೇಳಿದರೂ ಕೇಳಲಿಲ್ಲ. "ಖಜಾನೆಯ ಆ ಹುಡುಗಿ ಎದುರಿಗೆ ಒಂದ್ಸಲ ನಿಲ್ಲಬೇಕು. ಮೈಮುಟ್ಟಿ ನೋಡ್ಕೊಳ್ಳಲಿ" ಎಂದರು.

ಗಂಡ ಭಾನುವಾರ ಅಂಗಡಿ ತೆರೆದು ಕಣ್ಣು ಪರೀಕ್ಷೆ ಮಾಡುತ್ತಾನಂತೆ. ಫ್ರೇಮು ನಾನು ಆರಿಸಿದ್ದೇನೆ, ತಿಳಿ ನೀಲಿ. ಅತ್ತೆ ನಮ್ಮ ಕೋಣೆಯನ್ನು ಅವರಿಗೆ ಬಿಟ್ಟುಕೊಡಿಸಿದ್ದಾರೆ. ನಾವಿಬ್ಬರೂ ಮುಂದಿನ ಕೋಣೆಯಲ್ಲಿ, ಫೈಲುಗಳ ಮಧ್ಯೆ. ಎಷ್ಟು ರೊಮ್ಯಾಂಟಿಕ್ ಎಂದೆ. ಗಂಡ ಬೀರುವಿನ ಧೂಳಿಗೆ ಸೀನಿದ.

ಆ ದಿನ ಎಲ್ಲರೂ ಸ್ಟೇಷನ್ನಿಗೆ ಬರಬೇಕೆಂದು ಡ್ರಿಲ್ ಮೇಷ್ಟ್ರ ಹುಕುಂ. ಎರಡು ಸಾಲು, ತಡವಾಗಿ ಬಂದವರು ಹೊರಗೆ. ಈಗಷ್ಟೇ ಟೀಚರ್ ಮತ್ತೆ ಫೋನ್ ಮಾಡಿ, ಬರೆದುಕೋ ಮಗಳೇ, ಮರೆತೀಯ ಎಂದರು. ಬರೆದುಕೊಳ್ಳುತ್ತಿದ್ದೇನೆ: ಶನಿವಾರ, ಹನ್ನೆರಡನೇ ತಾರೀಕು, ಬೆಳಗಿನ ಪ್ಯಾಸೆಂಜರ್, ಏಳು ಇಪ್ಪತ್ತಕ್ಕೆ, ಹಿಂದಿನಿಂದ ಮೂರನೇ ಬೋಗಿ, ಕಿಟಕಿ ಪಕ್ಕದ ಸೀಟು.